ಮಂಜು ಕೂರುವ ಹಿತ್ತಲಿಗೆ ಯಾವ ಸಿಹಿಜೋಳ?

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ತಗ್ಗಿನಲ್ಲಿ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮೂರು ಗುಂಟೆಯ ಹಿತ್ತಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಜೋಳದ ಬೇರು ಕೊಳೆಯುತ್ತದೆ. ಹಾಗಾಗಿ ನನಗೆ ಸಿಹಿಜೋಳವೆಂದರೆ ಚಳಿಗಾಲದ ಬೆಳೆ. ಡಿಸೆಂಬರಿನಲ್ಲಿ ಘಟ್ಟದ ಕೆಳಗೆ ಕುಮಟಾದವರು ಫ್ಯಾನ್ ಹಾಕಿಕೊಂಡಿರುವಾಗ ನಮ್ಮಲ್ಲಿ ಬೆಳಗಿನ ಒಂಬತ್ತಾದರೂ ಮಂಜು ಕರಗಿರುವುದಿಲ್ಲ.

ಮೊದಲ ವರ್ಷ ಅಂಗಡಿಯಲ್ಲಿ ಎಲ್ಲಕ್ಕಿಂತ ಸಿಹಿಯಾದದ್ದು ಯಾವುದೆಂದು ಕೇಳಿ, ಅದನ್ನೇ ತಂದೆ. ಅದು ‘ಸೂಪರ್ ಸ್ವೀಟ್’ ವರ್ಗದ ಹೈಬ್ರಿಡ್. ಡಿಸೆಂಬರ್ ಎರಡನೇ ವಾರ ಅರವತ್ತು ಬೀಜ ಊರಿದೆ, ಮೊಳೆತದ್ದು ಹತ್ತೊಂಬತ್ತು. ಮಣ್ಣು ಕೆದಕಿ ನೋಡಿದರೆ ಉಳಿದವು ಬೆರಳಿಗೆ ಅಂಬಲಿಯಂತೆ ಅಂಟಿದವು. ಬೀಜವೇ ಸರಿಯಿಲ್ಲವೆಂದು ಸಿಟ್ಟು ಬಂದಿತ್ತು. ಆದರೆ ಅದೇ ಪೊಟ್ಟಣದಲ್ಲಿ ಉಳಿದಿದ್ದ ಬೀಜ ಫೆಬ್ರವರಿ ಕೊನೆಯಲ್ಲಿ ಐದೇ ದಿನಕ್ಕೆ ಹುಟ್ಟಿತು. ತಪ್ಪು ಬೀಜದ್ದಲ್ಲ, ನಾನು ಆರಿಸಿದ ಕಾಲದ್ದು.

ಆಗಲೇ ಬೀಜವನ್ನು ಅಂಗೈಯಲ್ಲಿಟ್ಟು ಸರಿಯಾಗಿ ನೋಡಿದ್ದು. ಸಿಹಿಜೋಳದ ಬೀಜ ಯಾವುದಾದರೂ ಸುಕ್ಕುಗಟ್ಟಿರುತ್ತದೆ, ಸೂಪರ್ ಸ್ವೀಟ್ ಬೀಜವಂತೂ ಒಣಗಿದ ಸಿಪ್ಪೆಯಂತೆ ಹಗುರ. ಸಕ್ಕರೆ ಪಿಷ್ಟವಾಗದಂತೆ ತಡೆಯುವ ಗುಣವೇ ಅದಕ್ಕೆ ಸಿಹಿ ಕೊಡುತ್ತದೆ, ಅದೇ ಕಾರಣಕ್ಕೆ ಮೊಳಕೆಗೆ ಬೇಕಾದ ದಾಸ್ತಾನು ಒಳಗೆ ಕಡಿಮೆ. ಮಣ್ಣು 18 ಡಿಗ್ರಿಗಿಂತ ತಂಪಾಗಿದ್ದರೆ ಅದು ಮೇಲೇಳಲು ಕಷ್ಟಪಡುತ್ತದೆ. ಅಷ್ಟರಲ್ಲಿ ಶಿಲೀಂಧ್ರ ಹಿಡಿಯುತ್ತದೆ. ಹಳೆಯ ಬಗೆಯ ಸಾಧಾರಣ ಸಿಹಿಯ ತಳಿಗಳು ಇನ್ನೂ ಕೆಲವು ಡಿಗ್ರಿ ಕಡಿಮೆಯಾದರೂ ತಾಳಿಕೊಳ್ಳುತ್ತವೆ. ಈಗ ಬಿತ್ತುವ ಮೊದಲು ಬೆಳಿಗ್ಗೆ ಏಳಕ್ಕೆ ಎರಡಂಗುಲ ಆಳಕ್ಕೆ ತಾಪಮಾಪಕ ಚುಚ್ಚಿ ನೋಡುತ್ತೇನೆ. ಆ ಡಿಸೆಂಬರಿನ ನಂತರ ಒಮ್ಮೆ ಅಳೆದಾಗ 15 ಇತ್ತು.

ತಣ್ಣನೆಯ ಪ್ರದೇಶಕ್ಕೆ ಒಗ್ಗುವ ತಳಿಯೆಂದರೆ ತಣ್ಣನೆಯ ದೇಶದ ತಳಿಯೇ ಆಗಬೇಕೆಂದು ಮುಂದಿನ ವರ್ಷ ಎಣಿಸಿದೆ. ಪರಿಚಿತರೊಬ್ಬರು ಗೋಲ್ಡನ್ ಬ್ಯಾಂಟಮ್ ಬೀಜ ಕೊಟ್ಟರು. 1902ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹಳದಿ ಜೋಳ ಅದು. ಮೊಳಕೆ ಚೆನ್ನಾಗಿ ಬಂತು, ಮನಸ್ಸು ತುಂಬಿತು. ಆದರೆ ಗಿಡ ಸೊಂಟದೆತ್ತರಕ್ಕೆ ಬರುವ ಮೊದಲೇ ತುದಿಯಲ್ಲಿ ಹೂ ಬಿಟ್ಟಿತು. ತೆನೆ ನನ್ನ ಗೇಣಿಗಿಂತ ಚಿಕ್ಕದು. ಬೇಸಿಗೆಯ ಉದ್ದನೆಯ ಹಗಲಿಗೆ ಒಗ್ಗಿದ ತಳಿ ನಮ್ಮ ಚಳಿಗಾಲದ ಗಿಡ್ಡ ಹಗಲಿನಲ್ಲಿ ಮೈ ತುಂಬುವ ಮೊದಲೇ ಹೂವಿಗೆ ಹೊರಡುತ್ತದೆ. ಚಳಿ ತಡೆದರೆ ಸಾಲದು, ಹಗಲೂ ಹೊಂದಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ ನಿಂತದ್ದು ಮಾಧುರಿಯಲ್ಲಿ. ನಮ್ಮ ದೇಶದಲ್ಲೇ ಅಭಿವೃದ್ಧಿಯಾದ ಸಂಯುಕ್ತ ತಳಿ, ಅಂದರೆ ಹಲವು ಮೂಲಗಳನ್ನು ಬೆರೆಸಿ ಬೆಳೆಸಿದ್ದು, ಹೈಬ್ರಿಡ್ ಅಲ್ಲ. ಡಿಸೆಂಬರಿನಲ್ಲಿ ಬಿತ್ತಿದರೂ ನಮ್ಮಲ್ಲಿ ನಾಲ್ಕರಲ್ಲಿ ಮೂರು ಬೀಜ ಹುಟ್ಟುತ್ತವೆ. ತೆನೆ ಒಂದೇ ಅಳತೆಗೆ ಬರುವುದಿಲ್ಲ, ಅಂಗಡಿಯ ಜೋಳದಷ್ಟು ಸಿಹಿಯೂ ಇಲ್ಲ. ಅಮ್ಮನಿಗೆ ಮಾತ್ರ ಇದೇ ಇಷ್ಟ. ಹೈಬ್ರಿಡ್ ತಿಂದು ಆಕೆ ಹೇಳಿದ್ದು: “ಇದರಲ್ಲಿ ಸಕ್ಕರೆ ಇದೆ, ಜೋಳ ಎಲ್ಲಿದೆ?” ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟಾಗ ಮಾಧುರಿಯ ಘಮವೇ ಬೇರೆ. ಆದರೆ ಕೊಯ್ದ ದಿನವೇ ತಿನ್ನಬೇಕು. ಸಿಹಿ ಬೇಗ ಇಳಿಯುತ್ತದೆ, ಮರುದಿನ ಅಗಿಯುವಾಗ ಹಿಟ್ಟು ಹಿಟ್ಟು.

ಹಾಗೆಂದು ಹೈಬ್ರಿಡ್ ಬಿಟ್ಟಿಲ್ಲ. ಮಕ್ಕಳು ಬಿಡಲು ಕೊಡುವುದಿಲ್ಲ. ಬಾಳೆಎಲೆಯ ಕೊಟ್ಟೆಗೆ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಬೀಜ ಊರಿ, ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತೇನೆ. ಮೊಳಕೆ ಕಂಡೊಡನೆ ಬಿಸಿಲಿಗೆ, ಹನ್ನೆರಡನೇ ದಿನ ಕೊಟ್ಟೆಸಮೇತ ನೆಲಕ್ಕೆ. ಇನ್ನೂ ತಡಮಾಡಿದರೆ ಬೇರು ನೊಂದು ಗಿಡ ಕುಂಟುತ್ತದೆ.

ಎರಡೂ ಬಗೆ ಒಂದೇ ಹೊತ್ತಿಗೆ ಹೂ ಬಿಡಬಾರದು. ಒಂದು ವರ್ಷ ಪಕ್ಕದ ಗದ್ದೆಯ ಗೋವಿನಜೋಳ ನನ್ನ ಹೈಬ್ರಿಡ್ ಜೊತೆಗೇ ಹೂ ಬಿಟ್ಟಿತು. ಜೋಳದ ಪರಾಗ ಗಾಳಿಯಲ್ಲಿ ಬರುತ್ತದೆ, ಅಪ್ಪನ ಗುಣ ಅದೇ ವರ್ಷದ ಕಾಳಿನಲ್ಲೇ ಕಾಣುತ್ತದೆ. ತೆನೆ ನೋಡಲು ಸುಂದರವಾಗಿತ್ತು, ಬೇಯಿಸಿದರೂ ಕಾಳು ಗಟ್ಟಿ. ಅಂದಿನಿಂದ ಪಕ್ಕದ ಭಾವನನ್ನು ಕೇಳದೆ ಬಿತ್ತುವುದಿಲ್ಲ. “ನೀವು ಯಾವಾಗ ಹಾಕುತ್ತೀರಿ?” ಎಂದು ಕೇಳಿ, ಮೂರು ವಾರ ಹಿಂದೆಮುಂದೆ ಮಾಡಿಕೊಳ್ಳುತ್ತೇನೆ. ಒಂದೇ ಉದ್ದ ಸಾಲಿಗೆ ಬದಲು ಐದೈದು ಗಿಡದ ನಾಲ್ಕು ಸಾಲಿನ ಚೌಕ ಮಾಡಿದ ಮೇಲೆ ಬೊಕ್ಕ ಹಲ್ಲಿನಂಥ ತೆನೆಗಳೂ ಕಡಿಮೆಯಾದವು. ತೆನೆಯ ತುದಿಯ ಒಂದೊಂದು ಕೂದಲೆಳೆಗೂ ಪರಾಗ ತಾಗಿದರಷ್ಟೇ ಒಂದೊಂದು ಕಾಳು.

ಪೊಟ್ಟಣದ ಮೇಲಿನ ದಿನಗಳ ಲೆಕ್ಕ ನಮ್ಮ ಚಳಿಗೆ ಹೊಂದುವುದಿಲ್ಲ. 75 ದಿನವೆಂದಿದ್ದರೂ ಡಿಸೆಂಬರಿನ ಬೆಳೆ 95ಕ್ಕೆ ಹೋದದ್ದುಂಟು. ಕೂದಲು ಕಂದಾದಾಗ ಕಾಳಿಗೆ ಉಗುರು ಚುಚ್ಚುತ್ತೇನೆ. ಹಾಲು ಬಂದರೆ ಕೊಯ್ಲು.

ಮಾಧುರಿಯ ಬೀಜವನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ಮೂರನೇ ವರ್ಷಕ್ಕೆ ಗಿಡಗಳು ಸೊರಗಿದವು. ಇಪ್ಪತ್ತು ಗಿಡದೊಳಗೇ ಬೀಜ ಸುತ್ತಿದರೆ ಜೋಳದ ಕಸುವು ಕುಂದುತ್ತದೆ. ಈಗ ಬನವಾಸಿ ಕಡೆಯ ಗೆಳೆಯನೊಬ್ಬನೂ ಅದನ್ನೇ ಬೆಳೆಯುತ್ತಾನೆ. ಪ್ರತಿ ವರ್ಷ ಇಬ್ಬರ ಬೀಜವನ್ನೂ ಒಂದೇ ಡಬ್ಬಿಗೆ ಸುರಿದು, ಕಲೆಸಿ, ಅರ್ಧ ಅರ್ಧ ಹಂಚಿಕೊಳ್ಳುತ್ತೇವೆ.