ಹುಲ್ಲಿನ ರನ್‌ವೇಗೆ ವಿಮಾನ ಕಳಿಸೋ ಮುಂಚೆ

ಪಪುವಾ ನ್ಯೂ ಗಿನಿಯ ಮೌಂಟ್ ಹೇಗನ್ ಪಟ್ಟಣದಲ್ಲಿ ಕ್ರೈಸ್ತ ಮಿಷನ್ ವಿಮಾನಗಳಿಗೆ ಸಾಮಾನು ತುಂಬಿಸೋನು ನಾನು. ಹೊಸಬರು ಬೆಳಕು ಹರಿಯೋ ಹೊತ್ತಿಗೇ ಬಂದುಬಿಡಿ. ಮಧ್ಯಾಹ್ನದೊಳಗೆ ಕಣಿವೆಯೆಲ್ಲ ಮೋಡ ಕಟ್ಟಿಕೊಳ್ಳುತ್ತೆ.

ಮೊದಲು ರೇಡಿಯೋದಲ್ಲಿ ವಿಮಾನ ಇಳಿಯೋ ಊರಿನವರನ್ನು ಕೇಳಿ: ರಾತ್ರಿ ಮಳೆ ಬಂತಾ, ಹುಲ್ಲು ಕೊಯ್ದಿದ್ದೀರಾ, ರನ್‌ವೇ ಮೇಲೆ ಹಂದಿ ಇಲ್ಲ ತಾನೇ? 'ಹವಾ ಚೆನ್ನಾಗಿದೆ' ಅಂದರೆ ನಂಬಬೇಡಿ, ಎದುರಿನ ಗುಡ್ಡ ಕಾಣುತ್ತಾ ಅಂತ ಕೇಳಿ.

ಆಮೇಲೆ ತೂಕ. ಚೀಲ, ಕೋಳಿ, ಜನ, ಎಲ್ಲವೂ ತಕ್ಕಡಿ ಹತ್ತಲೇಬೇಕು, ಪಾದ್ರಿಗಳೂ ಸೇರಿ. ಒಮ್ಮೆ ಒಬ್ಬ ಅಜ್ಜಿ ತೂಕ ಆದಮೇಲೆ ಹಣೆಯಿಂದ ಬೆನ್ನಿಗೆ ಬಿಲುಮ್ ಚೀಲ ಇಳಿಬಿಟ್ಟುಕೊಂಡು ಬಂದರು. ಒಳಗೆ 11 ಕಿಲೋ ಗೆಣಸು! ಲೆಕ್ಕ ಮತ್ತೆ ಮೊದಲಿಂದ. ಎತ್ತರದಲ್ಲಿ ಗಾಳಿ ತೆಳು, ವಿಮಾನ ಮೇಲೇಳೋಕೆ ಜಾಸ್ತಿ ಓಡಬೇಕು. ಎಷ್ಟೋ ಕಡೆ ರನ್‌ವೇ ಅನ್ನೋದೇ ಗುಡ್ಡದ ಓರೆ: ಏರಿನ ಕಡೆಗೆ ಇಳಿಯೋದು, ಇಳಿಜಾರಿನ ಕಡೆಗೆ ಹಾರೋದು.

ಭಾರದ್ದನ್ನು ಮುಂದಿಟ್ಟು ಬಲೆ ಬಿಗಿಯಿರಿ. ಬಟ್ಟೆಗಂಟುಗಳನ್ನು ಮೂಸಿ ನೋಡಿ, ಸೀಮೆಎಣ್ಣೆ ಬಾಟಲಿ ಅಲ್ಲೇ ಅಡಗಿರುತ್ತೆ. ಲಸಿಕೆ ಪೆಟ್ಟಿಗೆ ಬಾಗಿಲ ಹತ್ತಿರವೇ ಇರಲಿ. ಪೈಲಟ್ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ನೀವು ಮುಚ್ಚಬೇಡಿ. ಮಕ್ಕಳು ಪ್ರೊಪೆಲ್ಲರ್ ಹತ್ತಿರ ನುಗ್ಗೋದು ಆಗಲೇ.