ಆರ್ಕ್ಟಿಕ್ ಫ್ಯೋರ್ಡ್‌ನಲ್ಲಿ ಮೊದಲ ಬಾರಿ ಕಯಾಕ್: ಮೈ ಒಣಗಿದ್ದರೆ ಅರ್ಧ ಗೆದ್ದಂತೆ

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಮುಖ್ಯ ಪಟ್ಟಣ ಲಾಂಗ್‌ಇಯರ್‌ಬ್ಯೂನ್ ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಊರ ಮುಂದಿನ ಅಡ್ವೆಂಟ್‌ಫ್ಯೋರ್ಡ್ ಎಂಬ, ಬೆಟ್ಟಗಳ ನಡುವೆ ಚಾಚಿದ ಕಡಲ ತೋಳನ್ನು ಕಯಾಕ್ ಎಂಬ ಸಣ್ಣ ಹುಟ್ಟುದೋಣಿಯಲ್ಲಿ ದಾಟಿ ಯೋರ್ಥಾಮ್ನ್ ಎಂಬ ಹಳೆಯ ಕಲ್ಲಿದ್ದಲು ಗಣಿ ನೆಲೆಗೆ ಹೋಗಿಬರುವುದು ಹೊಸಬರಿಗೆ ಹೇಳಿ ಮಾಡಿಸಿದ ದಾರಿ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಹಾಗಾಗಿ ಕತ್ತಲಾದೀತೆಂಬ ಆತಂಕವಿಲ್ಲ. ನೀರಿನ ಉಷ್ಣತೆ ಮಾತ್ರ ಬೇಸಿಗೆಯಲ್ಲೂ ಕೆಲವೇ ಡಿಗ್ರಿ. ಹುಟ್ಟು ಹಾಕುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ನಿಜವಾದ ಎಚ್ಚರ ಬೇಕಿರುವುದು ದಡದಲ್ಲಿ, ಬಟ್ಟೆ ತೊಡುವಾಗ.

ಭಾರತದಿಂದ ಹೊರಡುವವರು ಒಂದನ್ನು ಮರೆಯಬಾರದು. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದ ಹೊರಗಿದೆ. ಆ ವಲಯದೊಳಗಿನ ಓಸ್ಲೋ ಮೂಲಕ ಹೋಗಿ ಮರಳಲು ಎರಡು ಬಾರಿ ಪ್ರವೇಶ ಕೊಡುವ ಷೆಂಗೆನ್ ವೀಸಾ ಬೇಕು.

ಡ್ರೈಸೂಟ್ ತೊಡುವುದು

ಡ್ರೈಸೂಟ್ ಎಂದರೆ ನೀರು ಒಳನುಗ್ಗದ, ಮೈ ಮುಚ್ಚುವ ಉಡುಪು. ಅದರ ಒಳಗೆ ಉಣ್ಣೆಯ ಬನಿಯನ್, ಉಣ್ಣೆಯ ಉದ್ದ ಚಡ್ಡಿ, ದಪ್ಪ ಕಾಲುಚೀಲ. ಹತ್ತಿ ಬಟ್ಟೆ ಬೇಡವೇ ಬೇಡ; ಬೆವರಿಗೆ ಒದ್ದೆಯಾದರೆ ಮತ್ತೆ ಒಣಗದೆ ಮೈ ತಣ್ಣಗಾಗುತ್ತದೆ. ಶೌಚಾಲಯಕ್ಕೆ ಮೊದಲೇ ಹೋಗಿಬನ್ನಿ. ಉಂಗುರ, ಗಡಿಯಾರ, ಓಲೆ ಬಿಚ್ಚಿಡಿ, ಇಲ್ಲವಾದರೆ ಕುತ್ತಿಗೆ ಮತ್ತು ಮಣಿಕಟ್ಟಿನ ತೆಳು ರಬ್ಬರ್ ಪಟ್ಟಿ ಹರಿಯುತ್ತದೆ. ಆ ಪಟ್ಟಿ ಬರಿ ಚರ್ಮಕ್ಕೆ ಅಂಟಿರಬೇಕು. ಬನಿಯನ್ನಿನ ಕಾಲರ್ ತುದಿಯೋ ನಾಲ್ಕು ಕೂದಲೋ ನಡುವೆ ಸಿಕ್ಕಿಕೊಂಡರೆ ಅದರಗುಂಟವೇ ನೀರು ಒಳಗಿಳಿಯುತ್ತದೆ. ಜಿಪ್ಪನ್ನು ಕೊನೆಯವರೆಗೆ ಎಳೆದು, ಜೊತೆಗಾರರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಬೆರಳಗಲ ತೆರೆದಿದ್ದರೂ ಸೂಟ್ ತೊಟ್ಟದ್ದು ವ್ಯರ್ಥ.

ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಮೊಣಕಾಲು ತಬ್ಬಿ, ಕುತ್ತಿಗೆಯ ಪಟ್ಟಿಯನ್ನು ಒಂದು ಬೆರಳಿನಿಂದ ಬಿಡಿಸಿದರೆ ಒಳಗಿನ ಗಾಳಿ ಬುಸ್ಸೆಂದು ಹೊರಬರುತ್ತದೆ. ಗಾಳಿ ಉಳಿದರೆ ನೀರಿಗೆ ಬಿದ್ದಾಗ ಅದು ಕಾಲುಗಳಿಗೆ ಸೇರಿ ಅವನ್ನು ಮೇಲೆತ್ತುತ್ತದೆ, ಈಜುವುದು ಕಷ್ಟವಾಗುತ್ತದೆ. ಲೈಫ್ ಜಾಕೆಟ್ ಕೊನೆಗೆ.

ದೋಣಿಯಲ್ಲಿ

ಹೊಸಬರಿಗೆ ಸಾಮಾನ್ಯವಾಗಿ ಇಬ್ಬರು ಕೂರುವ ಅಗಲ ಕಯಾಕ್ ಕೊಡುತ್ತಾರೆ. ಅದು ಸುಲಭಕ್ಕೆ ಮಗುಚುವುದಿಲ್ಲ. ಚುಕ್ಕಾಣಿಯ ಪೆಡಲ್ ಹಿಂದಿನವರ ಕಾಲಲ್ಲಿರುತ್ತದೆ, ಲಯ ಹಾಕುವುದು ಮುಂದಿನವರ ಕೆಲಸ. ಕೂರುವ ಕುಳಿಗೆ ನೀರು ಬಾರದಂತೆ ಮುಚ್ಚುವ, ಸೊಂಟದ ಸುತ್ತಿನ ಸ್ಪ್ರೇ ಸ್ಕರ್ಟನ್ನು ಮೊದಲು ಬೆನ್ನ ಹಿಂದೆ, ನಂತರ ಮುಂದೆ ಕುಳಿಯ ಅಂಚಿಗೆ ಸಿಕ್ಕಿಸಿ. ಮುಂಭಾಗದ ಎಳೆಯುವ ಕುಣಿಕೆ ಹೊರಗೇ ಇರಬೇಕು. ಮಗುಚಿದರೆ ಅದನ್ನು ಮುಂದಕ್ಕೂ ಮೇಲಕ್ಕೂ ಎಳೆದೇ ಹೊರಬರಬೇಕಾದ್ದು.

ಹುಟ್ಟನ್ನು ಭುಜದಗಲಕ್ಕಿಂತ ತುಸು ಹೆಚ್ಚಿನ ಅಂತರದಲ್ಲಿ, ಸಡಿಲವಾಗಿ ಹಿಡಿಯಿರಿ. ಪಾದದ ಬಳಿ ನೀರಿಗಿಳಿಸಿ, ಸೊಂಟದ ಬಳಿ ಎತ್ತಿ. ತೋಳಿನಿಂದಷ್ಟೇ ಎಳೆದವರು ನಡುದಾರಿಯಲ್ಲೇ ಸುಸ್ತಾಗುತ್ತಾರೆ. ಬೆನ್ನು ನೆಟ್ಟಗಿಟ್ಟು ಮುಂಡ ತಿರುಗಿಸಿದರೆ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ. ಬಿಗಿಯಾಗಿ ಹಿಡಿದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ.

ಕಣಿವೆಯಿಂದ ಗಾಳಿ ಬೀಸಿದರೆ ಅಲೆಗಳು ಬೇಗ ಏಳುತ್ತವೆ. ಆಗ ಹುಟ್ಟು ಎತ್ತಿ ಸುಮ್ಮನೆ ಕೂರಬೇಡಿ. ಹುಟ್ಟು ನೀರಲ್ಲಿದ್ದಷ್ಟು ಹೊತ್ತು ದೋಣಿ ಸ್ಥಿರ. ಗುಂಪು ಬಿಟ್ಟು ಮುಂದೆ ಹೋಗುವುದೂ ತಪ್ಪು, ಕೂಗು ಕೇಳಿಸುವಷ್ಟು ಹತ್ತಿರವಿರಿ. ಬಿದ್ದರೆ ಮೊದಲ ಒಂದು ನಿಮಿಷ ದೋಣಿ ಹಿಡಿದು ಉಸಿರು ಹತೋಟಿಗೆ ತಂದುಕೊಳ್ಳುವುದಷ್ಟೇ ಕೆಲಸ. ಏದುಸಿರು ತಾನಾಗಿ ಇಳಿಯುತ್ತದೆ, ಅಷ್ಟರಲ್ಲಿ ಮಾರ್ಗದರ್ಶಕರು ಬಂದಿರುತ್ತಾರೆ. ತೇಲುವ ಹಿಮಗಡ್ಡೆ ಎಷ್ಟೇ ಚೆಂದ ಕಂಡರೂ ಹತ್ತಿರ ಹೋಗಬೇಡಿ, ಕರಗುತ್ತ ತೂಕ ತಪ್ಪಿ ಅದು ಇದ್ದಕ್ಕಿದ್ದಂತೆ ಉರುಳುತ್ತದೆ.

ಆಚೆ ದಡದಲ್ಲಿ

ಮೊದಲು ಇಳಿಯುವವರು ಮಾರ್ಗದರ್ಶಕರು. ಅವರ ಬಳಿ ರೈಫಲ್ ಮತ್ತು ಬೆದರಿಸುವ ಫ್ಲೇರ್ ಪಿಸ್ತೂಲು ಇರುತ್ತವೆ. ಹಿಮಕರಡಿ ಇಲ್ಲವೆಂದು ನೋಡಿದ ಮೇಲೆಯೇ ಉಳಿದವರ ಸರದಿ. ಕಯಾಕನ್ನು ಭರತದ ಗೆರೆಗಿಂತ ಮೇಲಕ್ಕೆ ಹೊತ್ತು ಇಡಿ. ನಿಂತೊಡನೆ ಮೈ ತಣ್ಣಗಾಗುವುದರಿಂದ ಟೋಪಿ, ಜಾಕೆಟ್ ಹಾಕಿಕೊಂಡು ಬಿಸಿ ಪಾನೀಯ ಕುಡಿಯಿರಿ. 1946ಕ್ಕಿಂತ ಹಿಂದಿನ ಮಾನವ ಕುರುಹುಗಳಿಗೆಲ್ಲ ಅಲ್ಲಿ ಕಾನೂನಿನ ರಕ್ಷಣೆಯಿದೆ. ಗಣಿಯ ತುಕ್ಕು ಹಿಡಿದ ಒಂದು ಮೊಳೆಯನ್ನೂ ಜೇಬಿಗಿಳಿಸುವಂತಿಲ್ಲ.