ಕುರಿ ದವಡೆಯಲ್ಲಿ ಜಿಂಕೆಯ ಲೆಕ್ಕ: ಹಾಸನದಲ್ಲಿ ನನ್ನ ಅನುಭವ

ಹುಟ್ಟಿದ ಊರಿನ ಗುರುತು ಹಲ್ಲಿನಲ್ಲಿ ಉಳಿಯುತ್ತೆ, ಅದನ್ನು ನಮ್ಮ ಹಾಸನದಲ್ಲೂ ಓದಬಹುದು ಅಂತ ನಾಲ್ಕು ವರ್ಷದಿಂದ ಹೇಳುತ್ತಲೇ ಬಂದೆ. ನಮ್ಮವರೇ ನಂಬಲಿಲ್ಲ. ‘ಇಂಗ್ಲೆಂಡಿನಲ್ಲಿ ಆಗಬಹುದು, ಹಿಂಡಿ, ಗೊಬ್ಬರ ಸುರಿಯುವ ಕಡೆ ಸ್ಟ್ರಾನ್ಷಿಯಂ ಎಲ್ಲಾ ಕಲಸುಮೇಲೋಗರ’ ಅಂದರು. ಸ್ಟ್ರಾನ್ಷಿಯಂ ಅಂದರೆ ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಲ್ಲಿಗೆ ಸೇರುವ ಧಾತು. ಅದರ ಎರಡು ಬಗೆಗಳ (87 ಮತ್ತು 86) ಅನುಪಾತ ಊರಿನ ಕಲ್ಲಿಗೆ ತಕ್ಕಂತೆ ಬದಲಾಗುತ್ತೆ, ಅದೇ ಊರಿನ ಗುರುತು. ಕಳೆದ ತಿಂಗಳು ಕೆಲಸ ಕೈಹಿಡಿಯಿತು.

ನನಗೆ ಇದರ ಹುಚ್ಚು ಹಿಡಿಸಿದ್ದು ಫ್ಯಾಲೋ ಜಿಂಕೆ. ನಮ್ಮ ಚುಕ್ಕೆ ಜಿಂಕೆಯ ಹಾಗೇ ಮೈಮೇಲೆ ಚುಕ್ಕೆ, ಕೊಂಬು ಮಾತ್ರ ಅಂಗೈ ಅಗಲಿಸಿದಂತೆ. 1066ರ ನಂತರ ನಾರ್ಮನ್ನರೇ ಅದನ್ನು ಇಂಗ್ಲೆಂಡಿಗೆ ತಂದದ್ದು ಅಂತ ಬಹುಕಾಲ ನಂಬಿದ್ದರು. ಸಸೆಕ್ಸಿನ ಫಿಶ್‌ಬರ್ನ್ ರೋಮನ್ ಅರಮನೆಯಲ್ಲಿ ಸಿಕ್ಕ ದವಡೆಗಳನ್ನು ಅಳೆದ ಮೇಲೆ ಕಾಲ 1ನೇ ಶತಮಾನಕ್ಕೆ ಹಿಂದೆ ಸರಿಯಿತು. ರೋಮನ್ನರ ನಂತರ ಆ ಸಂತತಿ ಅಳಿದು, ನಾರ್ಮನ್ ಕಾಲದಲ್ಲಿ ಮತ್ತೆ ಬಂತು. ಕೊಂಬಿನ ತುಂಡು ಎಷ್ಟು ಸಿಕ್ಕರೂ ನಾನು ಸಾಕ್ಷಿ ಅಂತ ಒಪ್ಪಲ್ಲ. ಉದುರಿದ ಕೊಂಬು ವ್ಯಾಪಾರಿಯ ಗಂಟಿನಲ್ಲಿ ಎಲ್ಲಿಗಾದರೂ ಹೋಗುತ್ತೆ. ಹಲ್ಲಿರುವ ದವಡೆಯನ್ನು ಯಾರು ಹೊತ್ತು ತರುತ್ತಾರೆ?

ಇಲ್ಲಿ ಜಿಂಕೆಯ ಮೂಳೆ ಮುಟ್ಟಿದರೆ 1972ರ ವನ್ಯಜೀವಿ ಕಾಯಿದೆ. ಹಾಗಾಗಿ ಕುರಿ ಹಿಡಿದೆ. ಹಾಸನದ ಹತ್ತಿರ ಗೊರೂರಿನ ನೈಸ್ (ಪಟ್ಟೆಪಟ್ಟೆಯ ಕಲ್ಲು) 300 ಕೋಟಿ ವರ್ಷ ದಾಟಿದ ಕಲ್ಲು, ಬಿಜಾಪುರದ ಕರಿಕಲ್ಲಿಗೆ 6.5 ಕೋಟಿ ವರ್ಷ. ಇಂಥ ಹಳೆಯ ಕಲ್ಲಿನ ನೆಲದಲ್ಲಿ ಅನುಪಾತ ಹೆಚ್ಚು, ಕರಿಕಲ್ಲಿನ ನೆಲದಲ್ಲಿ ಕಡಿಮೆ. ಎರಡೂ ಕಡೆಯ ಕುರಿ ನಮ್ಮ ಮಾಂಸದ ಅಂಗಡಿಗೆ ಬರುತ್ತವೆ.

ಮೊದಲ ಕಂತು ಪೂರಾ ದಂಡ. ತಲೆ ಒಂದಕ್ಕೆ 300 ರೂಪಾಯಿ, ಅಳತೆಗೆ ಸ್ಯಾಂಪಲ್ಲಿಗೆ ಹತ್ತಿರಹತ್ತಿರ 6,000. ಎಲ್ಲ ಸೇರಿ 70 ಸಾವಿರ ಹೋಯಿತು, ಮನೆಯವಳ ಚೀಟಿ ದುಡ್ಡೂ ಅದರಲ್ಲಿತ್ತು. ನಮ್ಮ ಕಡೆಯ ನೆಲದ ಅನುಪಾತ ಎಷ್ಟು ಅಂತ ತಿಳಿಯಲು ಸಕಲೇಶಪುರದ ಗೆಳೆಯನ ತೋಟದಿಂದ ಎಲೆ ಕಿತ್ತು ತಂದಿದ್ದೆ. ಅನುಪಾತ ಬಂದದ್ದು ಬಿಜಾಪುರಕ್ಕೆ ಹತ್ತಿರ, 0.71ರ ಒಳಗೆ! ಮೂರು ತಿಂಗಳು ತಲೆ ಕೆಡಿಸಿಕೊಂಡೆ. ಒಂದು ಬೆಳಿಗ್ಗೆ ಅದೇ ತೋಟಕ್ಕೆ ಹೋದಾಗ ಆಳುಗಳು ಕಾಫಿ ಗಿಡದ ಬುಡಕ್ಕೆ ಸುಣ್ಣ ಎರಚುತ್ತಿದ್ದರು. ಲಾರಿಯಲ್ಲಿ ಹೊರಗಿಂದ ಬಂದ ಸುಣ್ಣ. ನಾನು ಅಳೆದದ್ದು ಸಕಲೇಶಪುರದ ನೆಲವನ್ನಲ್ಲ, ಆ ಸುಣ್ಣವನ್ನು. ಅಂದಿನಿಂದ ಎಲೆ ಕೀಳುವುದು ದೇವರ ಬನದಲ್ಲಿ, ಗೋಮಾಳದಲ್ಲಿ ಮಾತ್ರ. ಅಲ್ಲಿ 0.72 ದಾಟಿತು.

ಎರಡನೇ ತಪ್ಪು ಕೊರೆಯುವುದರಲ್ಲಿ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್, ಅದರ ಪುಡಿ ರಂಗೋಲಿ ಪುಡಿಯಂತೆ ಬೆಳ್ಳಗೆ ಉದುರುತ್ತೆ. ಹಳದಿಗೆ ತಿರುಗಿ ಕೂದಲು ಸುಟ್ಟ ವಾಸನೆ ಬಂದರೆ ಬರ್ (ಕೊರೆಯುವ ಮೊನೆ) ಒಳಪದರವಾದ ಡೆಂಟೀನಿಗೆ ಇಳಿಯಿತು ಅಂತಲೇ ಅರ್ಥ, ಆ ಪುಡಿ ಚೆಲ್ಲಿಬಿಡಿ. ಇಳಿಯದಂತೆ ತಡೆಯಲು ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ನಡುವೆ ಇನ್ನೊಂದು ಪ್ರಯೋಗ: ಬಿಜಾಪುರದ ಕುರಿಯ ಹಲ್ಲುಗಳನ್ನು ಹಿತ್ತಿಲ ಕೆಮ್ಮಣ್ಣಿನಲ್ಲಿ ಹೂತು ಎರಡು ಮಳೆಗಾಲ ಬಿಟ್ಟೆ. ಡೆಂಟೀನ್ ನಮ್ಮ ಮಣ್ಣಿನ ಕಡೆ ವಾಲಿತು, ಎನಾಮಲ್ ಕದಲಲಿಲ್ಲ. ಮೂಳೆಯೂ ಡೆಂಟೀನಿನ ಹಾಗೇ ಮಣ್ಣಿನ ಕಡೆ ವಾಲುತ್ತೆ; ಹಳೆಯ ನೆಲೆಗಳ ಮೂಳೆ ಅಳೆದು ಊರು ಹೇಳುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಕೊನೆಗೆ ನಂಬದವರೇ ಆರು ದವಡೆ ತಂದು, ಗುರುತು ಮುಚ್ಚಿಟ್ಟು ಕೊಟ್ಟರು. ಐದು ಸಲೀಸಾಗಿ ಹೇಳಿದೆ. ಆರನೆಯದರಲ್ಲಿ, ಎಳೆಮರಿಯಲ್ಲೇ ಕಟ್ಟುವ ಮೊದಲ ದವಡೆ ಹಲ್ಲು ಬಿಜಾಪುರ ಅನ್ನುತ್ತೆ, ಬೆಳೆದ ಮೇಲೆ ಕಟ್ಟುವ ಮೂರನೆಯದು ಹಾಸನ ಅನ್ನುತ್ತೆ. ‘ಮರಿಯಲ್ಲೇ ಇಲ್ಲಿಗೆ ಬಂದದ್ದು’ ಅಂದೆ. ನಕ್ಕರು. ಕುರಿ ಮಾರಿದವನನ್ನೇ ಹುಡುಕಿಕೊಂಡು ಹೋದೆವು.

‘ಹೌದಣ್ಣ, ಬಿಜಾಪುರದ್ದೇ. ಐದಾರು ತಿಂಗಳ ಮರೀಲಿ ತಂದಿದ್ದೆ, ಎರಡು ವರ್ಷ ಇಲ್ಲೇ ಮೇದಿತ್ತು’ ಅಂದ.

ಫಿಶ್‌ಬರ್ನಿನ ಒಂದು ಜಿಂಕೆಯ ಹಲ್ಲು ಹೇಳಿದ್ದೂ ಇದನ್ನೇ, ಮರಿಯಾಗಿದ್ದಾಗ ಹೊರಗಿಂದ ಬಂದದ್ದು ಅಂತ. ಈಗ ಆ ಆರನೇ ಕುರಿಯ, ಇವೆರಡರ ನಡುವಿನ ಕಾಲದಲ್ಲಿ ಕಟ್ಟುವ ಎರಡನೇ ದವಡೆ ಹಲ್ಲನ್ನು ಬುಡದಿಂದ ತುದಿಯವರೆಗೆ ಎಂಟು ಕಡೆ ಕೊರೆದಿದ್ದೇನೆ, ಯಾವ ತಿಂಗಳು ಬಂತು ಅಂತಲೂ ಹೇಳಬೇಕು. ಪುಡಿ ಟ್ಯೂಬಿನಲ್ಲಿ ತಯಾರಿದೆ, 48 ಸಾವಿರ ಹೊಂದಿಸಿದ ದಿನ ಲ್ಯಾಬಿಗೆ ಕಳಿಸುತ್ತೇನೆ.